ಓರಗಿತ್ತಿ ಹರಳೆಣ್ಣೆ ಕಾಯಿಸಿದ ದಿನ

ಆಗ ನನಗೆ ಅರವತ್ತಮೂರು. ಇದು ನಡೆದು ಆರು ವರ್ಷವಾಯಿತು. ಅಷ್ಟು ಹೊತ್ತಿಗೆ ನಾನು ಸಾವು ಕಾಣದವಳೇನಲ್ಲ. ಅತ್ತೆಯ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನೇ. ಗಂಡ ಹೋದ ದಿನ ನೆಂಟರಿಗೆಲ್ಲ ಹೇಳಿ ಕಳಿಸಿ, ಬಂದವರ ಸ್ನಾನಕ್ಕೆ ಹಂಡೆಗೆ ಉರಿ ಹಾಕಿದವಳೂ ನಾನೇ. ಆಗೆಲ್ಲ ಹೆದರಿರಲಿಲ್ಲ. ನಾನು ಹೇಳಹೊರಟ ದಿನ ಹೆದರಿದೆ. ಈಗಲೂ ಹರಳು ಹುರಿಯುವ ವಾಸನೆ ಎಲ್ಲಿಂದಾದರೂ ಬಂದರೆ ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ.

ದೊಡ್ಡಬಳ್ಳಾಪುರದ ಹತ್ತಿರ, ಸಾಸಲು ಕಡೆ ನಮ್ಮ ಊರು. ಮನೆ ಒಂದೇ, ಪಾಲು ಎರಡು. ನಡುವೆ ಗೋಡೆ ಎಬ್ಬಿಸಿ ಮುಂಬಾಗಿಲು ಬೇರೆ ಮಾಡಿಕೊಂಡಿದ್ದೇವೆ, ಹಿತ್ತಿಲು ಮಾತ್ರ ಹಂಚಿಕೊಂಡಿಲ್ಲ. ಆ ಕಡೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಜಗಳವೂ ಆಡಿದ್ದೇವೆ, ಒಂದೇ ತಟ್ಟೆಯಲ್ಲಿ ಉಂಡೂ ಇದ್ದೇವೆ. ಈ ಕಡೆ ನಾನು ಮತ್ತು ನನ್ನ ಮಗಳ ಮಗು. ಮಗಳು ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅಳಿಯ ಮಗ್ಗದ ಶೆಡ್ಡಿಗೆ. ಅಲ್ಲೇ ಬಾಡಿಗೆ ಮನೆ. ಸೋಮವಾರ ಮಗುವನ್ನು ತಂದು ನನ್ನ ಹತ್ತಿರ ಬಿಟ್ಟರೆ ಶನಿವಾರ ಕರೆದುಕೊಂಡು ಹೋಗುತ್ತಿದ್ದರು. ಹೆಣ್ಣು ಮಗು, ಮೂರು ತುಂಬಿರಲಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಸುಣ್ಣದ ಗೋಡೆ ಕೆರೆದು ತಿನ್ನುತ್ತಿತ್ತು, ಒದೆ ಕೊಟ್ಟರೂ ಬಿಡುತ್ತಿರಲಿಲ್ಲ.

ಹರಳಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತೇವೆ. ರಾಗಿಯ ನಡುವೆ ಒಂದು ಸಾಲು ಅವರೆ, ಒಂದು ಸಾಲು ತೊಗರಿ, ಒಂದಿಷ್ಟು ಹುಚ್ಚೆಳ್ಳು. ಬದುವಿನ ಉದ್ದಕ್ಕೂ ಹರಳು. ಅವರೆ, ತೊಗರಿ ಹೇಗೋ ಖರ್ಚಾಗುತ್ತದೆ. ಬೇಳೆಯನ್ನು ಮನೆಯಲ್ಲೇ ಒಡೆದುಕೊಳ್ಳುತ್ತೇವೆ, ಬೀಸುವ ಕಲ್ಲು ಇನ್ನೂ ಇದೆ. ಹುಚ್ಚೆಳ್ಳು ಚಟ್ನಿಗೆ ಆಗುತ್ತದೆ. ಹರಳು ಮಾತ್ರ ನಾಲ್ಕು ಸೇರೋ ಐದು ಸೇರೋ ಬಂದು ಮೂಲೆಯಲ್ಲಿ ಕೂರುತ್ತದೆ. ಹಿಂಡಿಸುವುದು ಎಲ್ಲಿ? ನಾನು ಮದುವೆಯಾಗಿ ಬಂದಾಗ ಊರಲ್ಲೇ ಗಾಣ ಇತ್ತು, ಎತ್ತು ಸುತ್ತುತ್ತಿತ್ತು. ಅದು ನಿಂತ ಮೇಲೆ ದೊಡ್ಡಬಳ್ಳಾಪುರದಲ್ಲಿ ಒಂದು ಎಣ್ಣೆ ಮಿಲ್ಲು. ಚೀಲವನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದೆವು. ಅದೂ ಮುಚ್ಚಿತು, ಆ ಜಾಗದಲ್ಲಿ ಮಗ್ಗ ಬಂದವು. ಈಗ ದೊಡ್ಡ ರಸ್ತೆಯ ಬದಿಯಲ್ಲಿ ಮರದ ಗಾಣ ಎಂದು ಬೋರ್ಡು ಹಾಕಿಕೊಂಡವರಿದ್ದಾರೆ. ಕಾರಿನವರು ನಿಲ್ಲಿಸಿ ಕಡಲೆಕಾಯಿ ಎಣ್ಣೆ ತೆಗೆದುಕೊಳ್ಳುತ್ತಾರೆ. ಓರಗಿತ್ತಿಯೂ ನಾನೂ ಒಂದು ಸಲ ಅಲ್ಲಿಗೆ ಹರಳು ಹೊತ್ತುಕೊಂಡು ಹೋದೆವು. ಗಾಣದವನು ಚೀಲದ ಬಾಯಿ ಬಿಚ್ಚಲೂ ಬಿಡಲಿಲ್ಲ.

"ಅಜ್ಜಿ, ಇದನ್ನ ಇದರೊಳಗೆ ಹಾಕಿದ್ರೆ ಆಮೇಲೆ ನನ್ ಎಣ್ಣೆ ಯಾರ್ ತಿಂತಾರೆ? ಹಸಿ ಬೀಜ ವಿಷ ಅಲ್ವಾ?"

"ನೀನ್ ಹುಟ್ದಾಗ ನಿಮ್ಮವ್ವ ಇದನ್ನೇ ನಿನ್ ನೆತ್ತಿಗೆ ತಟ್ಟಿರೋದು," ಅಂದೆ.

"ತಟ್ಟೋದು ಬೇರೆ ಕಣಜ್ಜಿ, ತಿನ್ನೋದು ಬೇರೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹರಳಿನ ಹಿಂಡಿಯನ್ನು ದನಕ್ಕೂ ಹಾಕುವುದಿಲ್ಲ ನಾವು, ತಿಪ್ಪೆಗೆ ಸುರಿಯುತ್ತೇವೆ. ಹರಳನ್ನೇ ಹಿಂಡುವ ದೊಡ್ಡ ಮಿಲ್ಲು ಎಲ್ಲೋ ಇದೆಯಂತೆ, ಅವರಿಗೆ ಲಾರಿ ತುಂಬ ಬೇಕಂತೆ. ಐದು ಸೇರಿಗೆ ಯಾರು ಬಾಗಿಲು ತೆಗೆಯುತ್ತಾರೆ? ಅದಕ್ಕೇ ಮನೆಯಲ್ಲಿ ಕಾಯಿಸುತ್ತೇವೆ. ಬೀಜವನ್ನು ಒಣಗಿಸಿ, ಬೆಚ್ಚಗೆ ಹುರಿದು, ಒರಳಿನಲ್ಲಿ ಕುಟ್ಟಿ, ಕುದಿಯುವ ನೀರಿಗೆ ಹಾಕಿ ಕುದಿಸಿದರೆ ಎಣ್ಣೆ ಮೇಲೆ ಬರುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ಇನ್ನೊಮ್ಮೆ ಕಾಯಿಸಿ, ಬಟ್ಟೆಯಲ್ಲಿ ಸೋಸುವುದು. ಇಡೀ ದಿನದ ಕೆಲಸ.

ಇದಕ್ಕೊಂದು ಕಟ್ಟಳೆ ಉಂಟು. ಎಣ್ಣೆ ಕಾಯಿಸುವ ದಿನ ಅದರ ಹೆಸರು ಹೇಳುವಂತಿಲ್ಲ. ಬಾಗಿಲು ಹಾಕಿಕೊಂಡು ಮಾಡಬೇಕು. ಇವತ್ತು ಕಾಯಿಸುತ್ತೇನೆ ಎಂದು ಮುಂಚೆಯೂ ಹೇಳಬಾರದು. ಯಾರಾದರೂ ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ರಾಗಿ ಹುರಿಯುತ್ತಿದ್ದೇನೆ ಎನ್ನಬೇಕು. ಕೇಳಿದವಳಿಗೂ ಗೊತ್ತು, ಮೂಗಿದ್ದವರಿಗೆಲ್ಲ ಗೊತ್ತು, ಆದರೂ ಆಯಿತಮ್ಮ ಎಂದು ಸುಮ್ಮನೆ ಹೋಗಬೇಕು. ಹೆಸರೆತ್ತಿದರೆ ಎಣ್ಣೆ ಮೇಲೆ ಬರುವುದಿಲ್ಲ, ಗಂಜಿಯ ಹಾಗೆ ಕಲಸಿಕೊಂಡು ನಿಂತುಬಿಡುತ್ತದೆ. ಬಾಣಂತಿಗೆಂದು ಕಾಯಿಸುವ ಎಣ್ಣೆಗಂತೂ ಇನ್ನೂ ಬಿಗಿ. ನನ್ನ ಅತ್ತೆ ಹೇಳಿಕೊಟ್ಟಿದ್ದು ಹೀಗೆ, ನಾನು ಓರಗಿತ್ತಿಗೆ ಹೇಳಿಕೊಟ್ಟಿದ್ದೂ ಹೀಗೆ.

ಓರಗಿತ್ತಿಗೆ ಒಬ್ಬಳೇ ಮಗಳು. ಆ ಹುಡುಗಿಯ ಮೊದಲ ಕೂಸು ಉಳಿಯಲಿಲ್ಲ. ಆ ಸಲ ಎಣ್ಣೆ ಕಾಯಿಸುವಾಗ ಕರಿಬೇವು ಕೇಳಲು ಬಂದವಳೊಬ್ಬಳು ಬಾಗಿಲು ತಳ್ಳಿ, ಏನು ಹರಳೆಣ್ಣೆನಾ, ಎಂದುಬಿಟ್ಟಿದ್ದಳು. ಎಣ್ಣೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಕೂಸು ಹೊಟ್ಟೆಯಲ್ಲೇ ಹೋಯಿತು. ಓರಗಿತ್ತಿ ಎರಡನ್ನೂ ಕೂಡಿಸಿ ಗಂಟು ಹಾಕಿಕೊಂಡಳು. ಆ ಗಂಟು ಬಿಚ್ಚಲು ಯಾರಿಂದಲೂ ಆಗಲಿಲ್ಲ. ನಾನು ಹೇಳುತ್ತಿರುವ ದಿನಕ್ಕೆ ಆ ಹುಡುಗಿ ಎರಡನೇ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಿಂಗಳು ತುಂಬಿತ್ತು.

ಬೆಳಿಗ್ಗೆ ನನಗೆ ರೇಷನ್ ಅಂಗಡಿಗೆ ಹೋಗಬೇಕಿತ್ತು. ಹೆಬ್ಬೆಟ್ಟು ನಾನೇ ಒತ್ತಬೇಕು, ಬೇರೆಯವರು ಹೋದರೆ ಕೊಡುವುದಿಲ್ಲ. ಮಗುವನ್ನು ಎತ್ತಿಕೊಂಡು ಆ ಬಿಸಿಲಲ್ಲಿ ಸಾಲು ನಿಲ್ಲುವುದು ಯಾರಿಂದಾಗುತ್ತದೆ? ಹಿತ್ತಿಲಿಗೆ ಬಂದು ಓರಗಿತ್ತಿಯನ್ನು ಕೂಗಿದೆ.

"ಲೇ, ಮಗೂನ ನೋಡ್ಕೋತೀಯಾ? ಅಕ್ಕಿ ತಂದ್ಬಿಡ್ತೀನಿ."

ಅವಳು ತನ್ನ ಹಿಂದಿನ ಕೋಣೆಯ ಕಡೆ ತಿರುಗಿ ನೋಡಿದಳು. ಏನೋ ಹೇಳುವವಳ ಹಾಗೆ ಬಾಯಿ ತೆರೆದು ಮುಚ್ಚಿದಳು.

"ಬಿಟ್ಟೋಗಕ್ಕ," ಅಂದಳು.

"ಏನಾರ ಕೆಲಸ ಐತಾ?"

"ಇಲ್ಲ ಕಣಕ್ಕ. ರಾಗಿ ಹುರೀಬೇಕು ಅಷ್ಟೆ. ಬಿಟ್ಟೋಗು."

ನನ್ನ ಕಿವಿಗೆ ಅದು ಬರೀ ರಾಗಿಯಾಗಿ ಬಿತ್ತು. ರಾಗಿಯನ್ನೂ ಹುರಿಯುತ್ತೇವಲ್ಲ, ಹುರಿಹಿಟ್ಟಿಗೆ. ಬಸುರಿ ಮನೆಯಲ್ಲಿದ್ದಾಗ ಹುರಿಹಿಟ್ಟು ಮಾಡುವುದೂ ಉಂಟು. ನಾನು ಹೊರಟುಹೋದೆ.

ಅಂಗಡಿಯಲ್ಲಿ ಮಿಷನ್ ಕೆಟ್ಟು ಹೊತ್ತಾಯಿತು. ಬರುವಾಗ ನೆತ್ತಿಯ ಮೇಲೆ ಬಿಸಿಲು. ನಮ್ಮ ಓಣಿ ತಿರುಗುತ್ತಿದ್ದ ಹಾಗೆ ವಾಸನೆ ಬಂತು, ಆಗ ತಿಳಿಯಿತು. ಓರಗಿತ್ತಿಯ ಹಿಂದಿನ ಕೋಣೆಯ ಬಾಗಿಲು ಹಾಕಿತ್ತು. ಮಗು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿತ್ತು, ಸುಮ್ಮನೆ. ಸುಮ್ಮನೆ ಕೂರುವ ಮಗುವಲ್ಲ ಅದು. ಎತ್ತಿಕೊಂಡು ಒಳಗೆ ಹೋದೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟೆ, ಉಗಿಯಿತು. ಇನ್ನೊಂದು ತುತ್ತಿಗೆ ಕಕ್ಕಿತು.

ಮಕ್ಕಳು ಕಕ್ಕುತ್ತವೆ. ಬಾಯಿ ಒರೆಸಿ ಮಲಗಿಸಿದೆ. ಮತ್ತೆ ಕಕ್ಕಿತು, ನೀರು ಮಾತ್ರ ಬಂತು. ಹೊಟ್ಟೆ ಹಿಡಿದುಕೊಂಡು ಅಜ್ಜಿ ಅಜ್ಜಿ ಎಂದು ನರಳಿತು. ನಾನು ಹಿತ್ತಿಲಿಗೆ ಹೋಗಿ ಮುಚ್ಚಿದ ಬಾಗಿಲಿನ ಈಚೆ ನಿಂತು ಕೇಳಿದೆ.

"ಲೇ, ಮಗು ಏನಾರ ತಿಂತೇನೇ?"

ಒಳಗಿಂದ ಒನಕೆಯ ಸದ್ದು ನಿಂತಿತು.

"ರಾಗಿ ಹುರೀತಿದ್ದೀನಿ ಕಣಕ್ಕ. ಆಮೇಲ್ ಬರ್ತೀನಿ."

"ಅದಲ್ಲ ನಾನ್ ಕೇಳಿದ್ದು. ಮಗು ಕಕ್ತಾ ಐತೆ."

"ಬಿಸ್ಲು ಕಣಕ್ಕ. ಮಜ್ಜಿಗೆ ಕುಡ್ಸು."

ದನಿ ಎಂದಿನ ಹಾಗೆ ಇರಲಿಲ್ಲ. ಆದರೂ ನಾನು ಬಾಗಿಲು ತಳ್ಳಲಿಲ್ಲ. ಮೂವತ್ತು ವರ್ಷ ಆ ಬಾಗಿಲು ಹಾಕಿದ್ದಾಗ ತಳ್ಳಿದವಳಲ್ಲ, ಕೈ ಹೋಗಲಿಲ್ಲ. ವಾಪಸ್ಸು ಬಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ನೀರೊಲೆಗೆ ಹಾಕಿದೆ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ. ಘಾಟು ಬಂತು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುವಷ್ಟು ಬಂತು. ದೃಷ್ಟಿಯಲ್ಲ ಅಂದರೆ ಮತ್ತೇನು ಎಂದು ಅಲ್ಲೇ ಕೆಮ್ಮುತ್ತಾ ನಿಂತೆ. ಮೊದಲ ಸಲ ಭಯ ಹತ್ತಿದ್ದು ಆಗ.

ಆಮೇಲೆ ಭೇದಿ ಶುರುವಾಯಿತು. ಒಂದು ಸಲ, ಎರಡು ಸಲ. ಮೂರನೆಯ ಸಲ ಲಂಗ ತೊಳೆಯಲು ಹೋದರೆ ನೀರಿನಲ್ಲಿ ಕೆಂಪು. ಬೀಟ್‌ರೂಟ್ ತಿಂದಿರಲಿಲ್ಲ ಮಗು. ಕೈಯಲ್ಲಿದ್ದ ಚೊಂಬು ಬಿಟ್ಟೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಆ ಬಾಗಿಲನ್ನು ಬಡಿದೆ.

ಓರಗಿತ್ತಿ ಬಾಗಿಲನ್ನು ಒಂದು ಗೇಣು ತೆಗೆದಳು. ಮುಖ ಬೆವರಿತ್ತು, ಹಿಂದೆ ಗಡಿಗೆ ಕುದಿಯುತ್ತಿತ್ತು. ನನ್ನ ಹೆಗಲ ಮೇಲೆ ಒರಗಿದ್ದ ಮಗುವನ್ನು ನೋಡಿದಳು. ಅವಳ ಕಣ್ಣು ಮಗುವಿನ ಮೈಮೇಲೆಲ್ಲ ಆಡಿತು. ಒಳಗೆ ಹೋಗಿ ಒಲೆಯಿಂದ ಸೌದೆ ಎಳೆದು, ನೀರು ಚಿಮುಕಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಎಣ್ಣೆ ಒಲೆಯ ಮೇಲಿರುವಾಗ ಹೊಸಿಲು ದಾಟುವ ಹೆಂಗಸಲ್ಲ ಅವಳು. ದಾಟಿದಳು ಎಂದಾಗಲೇ ನನಗೆ ತಿಳಿಯಿತು. ಏನೋ ಆಗಿದೆ, ಅದು ಇವಳಿಗೆ ಗೊತ್ತಿದೆ.

ಊರಿನ ಆಟೋದವನಿಗೆ ಹೇಳಿದೆ. ಅವನು ಬಾಯಿಬಡುಕ. ದಾರಿಯುದ್ದಕ್ಕೂ, ಹೆದರ್ಕೋಬೇಡ ಅಜ್ಜಿ, ಮಕ್ಕಳ್ದು ಹಿಂಗೇ, ನನ್ ಮಗನಿಗೂ ಹಿಂಗೇ ಆಗಿತ್ತು, ಎಂದ.

"ನಿನ್ ಮಗನಿಗೆ ರಕ್ತ ಹೋಗಿತ್ತಾ?" ಅಂದೆ.

ಅವನು ಆಟೋವನ್ನು ಇನ್ನೂ ಜೋರಾಗಿ ಓಡಿಸಿದ. ಮಗುವಿನ ತುಟಿ ಒಣಗಿ ಬಿರಿದಿತ್ತು. ಕರೆದರೆ ಕಣ್ಣು ಬಿಡುತ್ತಿತ್ತು, ಬಿಟ್ಟ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಓರಗಿತ್ತಿ ಪಕ್ಕದಲ್ಲಿ ಕೂತು ಮಗುವಿನ ಪಾದ ಹಿಡಿದುಕೊಂಡಿದ್ದಳು. ಎರಡು ಸಲ ಕೇಳಿದೆ, ಏನೇ ಆಯ್ತು ಎಂದು. ಎರಡು ಸಲವೂ ತಲೆ ತಗ್ಗಿಸಿದಳು.

ಆಟೋದವನು ದೊಡ್ಡಬಳ್ಳಾಪುರದಲ್ಲಿ ತನಗೆ ಗೊತ್ತಿದ್ದ ಆಸ್ಪತ್ರೆಯ ಮುಂದೆ ನಿಲ್ಲಿಸಿದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. ಮಗುವಿನ ಹೊಟ್ಟೆ ಒತ್ತಿ, ಕಣ್ಣು ನೋಡಿ, ಕೈಗೆ ಸೂಜಿ ಹಾಕಿಸಿ ಗ್ಲೂಕೋಸ್ ಏರಿಸಿದಳು. ಸೂಜಿ ಚುಚ್ಚಿದರೂ ಮಗು ಅಳಲಿಲ್ಲ. ಅದಕ್ಕಿಂತ ಭಯ ಬೇರೆ ಇಲ್ಲ.

"ಏನ್ ತಿಂದಿದ್ಲು ಅಜ್ಜಿ?"

"ಬೆಳಿಗ್ಗೆ ಎರಡು ಇಡ್ಲಿ ತಿಂದವ್ಳೆ. ಮಧ್ಯಾಹ್ನ ಏನೂ ಹೋಗಿಲ್ಲ."

"ಹೊಟ್ಟೆ ಇನ್‌ಫೆಕ್ಷನ್ ಇರಬಹುದು. ನೀರು ತುಂಬಿದ ಮೇಲೆ ಸಂಜೆ ನೋಡ್ತೀನಿ, ಚೇತರಿಸ್ಕೊಂಡ್ರೆ ಔಷಧಿ ಕೊಟ್ಟು ಮನೆಗೆ ಕಳಿಸ್ತೀನಿ. ಬೇರೆ ಏನಾದ್ರೂ ಬಾಯಿಗೆ ಹಾಕ್ಕೊಂಡಿದ್ರೆ ಈಗ್ಲೇ ಹೇಳ್ಬೇಕು. ಮಾತ್ರೆ, ಇಲಿ ಪಾಷಾಣ, ಯಾವುದಾದ್ರೂ ಬೀಜ, ಕಾಯಿ?"

ಬೀಜ ಎಂಬ ಮಾತಿಗೆ ಓರಗಿತ್ತಿಯ ಸೆರಗು ಬಾಯಿಗೆ ಹೋಯಿತು. ನಾನು ನೋಡಿದೆ. ಡಾಕ್ಟರಮ್ಮ ನೋಡಲಿಲ್ಲ. ಅವಳ ರಟ್ಟೆ ಹಿಡಿದು ಹೊರಗೆ, ಕುಡಿಯುವ ನೀರಿನ ನಲ್ಲಿಯ ಹತ್ತಿರ ಎಳೆದುಕೊಂಡು ಬಂದೆ.

"ಏನ್ ತಿಂತು ಮಗು?"

ಅವಳು ನಲ್ಲಿಯ ಕಡೆ ಮುಖ ತಿರುಗಿಸಿದಳು.

"ನಿನ್ನೇ ಕೇಳ್ತಿರೋದು ಕಣೇ."

"ಅಕ್ಕ, ಒಲೆ ಮೇಲೈತೆ. ಇನ್ನೂ ಇಳಿಸಿಲ್ಲ. ನನ್ ಬಾಯಲ್ಲಿ ಅದರ ಹೆಸ್ರು ಎತ್ತಿಸ್ಬೇಡ. ಮಗಳು ಮನೇಲಿ ಮಲಗವ್ಳೆ ಕಣಕ್ಕ, ದಿನ ತುಂಬೈತೆ."

"ನನ್ ಮೊಮ್ಮಗು ಇಲ್ಲಿ ಮಲಗೈತೆ."

"ಗೊತ್ತು."

"ಗೊತ್ತಿದ್ದೂ ಬಾಯಿ ಬಿಡಲ್ವಾ ನೀನು?"

"ಹೋದ್ಸಲ ಹೆಸ್ರು ಎತ್ತಿದ್ದಕ್ಕೆ ಏನಾಯ್ತು ಅಂತ ನೀನೇ ನೋಡಿದ್ದೀಯಲ್ಲಕ್ಕ. ಆ ಕೂಸಿಗೆ ಬಟ್ಟೆ ಸುತ್ತಿದೋಳು ನೀನೇ ತಾನೆ."

ಹೌದು, ನಾನೇ ಸುತ್ತಿದ್ದು. ಅವಳ ಕೆನ್ನೆಗೆ ಹೊಡೆಯಲು ಕೈ ಎತ್ತಿದ್ದೆ, ಇಳಿಸಿದೆ. ಅವಳನ್ನು ಬಲ್ಲೆ. ಹೊಡೆದರೆ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತುಬಿಡುತ್ತಾಳೆ, ಒಂದು ಹೆಜ್ಜೆ ಮುಂದೆ ಬರುವುದಿಲ್ಲ. ಮಾತಾಡಿ ಗೆಲ್ಲುವಷ್ಟು ಹೊತ್ತೂ ಇರಲಿಲ್ಲ.

"ಸರಿ," ಅಂದೆ. "ನೀನ್ ಬಾಯಿ ತೆಗೀಬೇಡ. ತಲೆ ಅಲ್ಲಾಡ್ಸು. ಹೆಸ್ರು ನಾನೇ ಹೇಳ್ತೀನಿ. ತಾಗೋದಿದ್ರೆ ನನಗೆ ತಾಗ್ಲಿ."

ಅವಳು ನನ್ನ ಮುಖ ನೋಡಿದಳು.

"ಹರಳಾ?"

ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದಳು, ಹೌದು.

"ಹುರಿದದ್ದಾ?"

ಅಲ್ಲ.

"ಕುಟ್ಟಿದ್ದಾ?"

ಅಲ್ಲ.

"ಹಸೀದು. ಮೊರದಲ್ಲಿ ಬಿಸ್ಲಿಗೆ ಇಟ್ಟಿದ್ದು."

ಹೌದು. ಕೈಯನ್ನು ಕಲ್ಲಿನ ಎತ್ತರಕ್ಕೆ ತೋರಿಸಿದಳು. ಒಗೆಯುವ ಕಲ್ಲಿನ ಮೇಲೆ ಮೊರ ಇಟ್ಟಿದ್ದಳು.

"ಅಗಿದಿತ್ತಾ?"

ಅವಳು ತನ್ನ ಬೆರಳನ್ನು ಬಾಯೊಳಗೆ ಹಾಕಿ ಕೆರೆದು ಹೊರಗೆ ತೆಗೆಯುವ ಹಾಗೆ ಮಾಡಿ ತೋರಿಸಿದಳು. ಬೆರಳ ತುದಿಯನ್ನು ಇನ್ನೊಂದು ಬೆರಳಿನಿಂದ ಉಜ್ಜಿದಳು, ಅಲ್ಲಿ ಹಿಟ್ಟಿನಂಥದ್ದು ಮೆತ್ತಿಕೊಂಡಿತ್ತು ಎನ್ನುವ ಹಾಗೆ. ಅಗಿದಿತ್ತು ಅಂತಾಯಿತು.

"ಎಷ್ಟು?"

ನಾಲ್ಕು ಬೆರಳು ಎತ್ತಿದಳು. ಆಮೇಲೆ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಸರಿಯಾಗಿ ಗೊತ್ತಿಲ್ಲ.

"ಯಾವಾಗ?"

ಪೂರ್ವದ ಕಡೆ ತಿರುಗಿ ಸೂರ್ಯ ಎಲ್ಲಿದ್ದ ಎಂದು ಕೈಯಲ್ಲಿ ತೋರಿಸಿದಳು. ನಾನು ಹೊರಟ ಬೆನ್ನಿಗೇ.

ಬಾಗಿಲಲ್ಲಿ ಕೂತಿದ್ದ ಆಯಾ ಇದನ್ನೆಲ್ಲ ನೋಡುತ್ತಿದ್ದಳು. "ಏನಜ್ಜಿ, ಆವಮ್ಮ ಮೂಗೀನಾ?" ಎಂದು ಕೇಳಿದಳು.

"ಇವತ್ತೊಂದಿನ," ಅಂದು ಒಳಗೆ ಹೋದೆ.

ಡಾಕ್ಟರಮ್ಮ ಬೇರೆ ಮಗುವನ್ನು ನೋಡುತ್ತಿದ್ದಳು. ನಡುವೆ ನುಗ್ಗಿ ಗಟ್ಟಿಯಾಗಿಯೇ ಹೇಳಿದೆ. "ಹರಳು ಬೀಜ ತಿಂದೈತೆ. ಹಸೀದು. ನಾಲ್ಕು ಇರ್ಬೋದು, ಹೆಚ್ಗೆ ಇದ್ರೂ ಇರ್ಬೋದು. ಒಂದಾದ್ರೂ ಅಗಿದೈತೆ. ಬೆಳಿಗ್ಗೇನೆ." ಹಿಂದೆ ಓರಗಿತ್ತಿ ಎರಡೂ ಕಿವಿಯ ಮೇಲೆ ಸೆರಗು ಒತ್ತಿ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಡಾಕ್ಟರಮ್ಮನ ಮುಖ ಬದಲಾಯಿತು. ಬೈಯಲಿಲ್ಲ. ಒಳಗೆ ಹೋಗಿ ಬೆಂಗಳೂರಿನ ಯಾವುದೋ ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು. ಬಾಗಿಲು ಅರ್ಧ ತೆರೆದಿತ್ತು. ಮಾತೆಲ್ಲ ಇಂಗ್ಲಿಷು, ಒಂದೂ ತಿಳಿಯಲಿಲ್ಲ, ದನಿ ಮಾತ್ರ ತಿಳಿಯಿತು. ಹೊರಗೆ ಬಂದು ಮಗುವನ್ನು ನರ್ಸಿನ ಮೇಜಿನ ಎದುರಿನ ಮಂಚಕ್ಕೆ ಹಾಕಿಸಿದಳು, ಪರೀಕ್ಷೆಗೆ ರಕ್ತ ತೆಗೆಸಿದಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ಅಜ್ಜಿ, ಇದರ ವಿಷ ಇಳಿಸೋ ಮದ್ದು ಅಂತ ಯಾವುದೂ ಇಲ್ಲ. ಮೈಯಲ್ಲಿ ನೀರು ಕಮ್ಮಿ ಆಗದ ಹಾಗೆ, ಕಿಡ್ನಿ ಕೆಡದ ಹಾಗೆ ಕಾಯ್ಕೊಂಡಿರ್ಬೇಕು. ಬೀಜದ ಸಿಪ್ಪೆ ಒಡೀದೆ ನುಂಗಿದ್ರೆ ಹಾಗೇ ಹೊರಗೆ ಬಂದ್ಬಿಡುತ್ತೆ, ಏನೂ ಮಾಡಲ್ಲ. ಅಗಿದಿದ್ರೆ, ಎಷ್ಟು ಅಗಿದಿದೆ ಅನ್ನೋದರ ಮೇಲೆ. ಎರಡು ಮೂರು ದಿನ ಏನೂ ಹೇಳೋಕಾಗಲ್ಲ. ರಕ್ತದಲ್ಲಿ ಏನಾದ್ರೂ ಏರುಪೇರು ಕಂಡ್ರೆ ತಕ್ಷಣ ಬೆಂಗಳೂರಿಗೆ ಕಳಿಸ್ತೀನಿ." ಏಳುವಾಗ, "ನೀವು ಹೇಳ್ದೇ ಇದ್ದಿದ್ರೆ ಸಂಜೆ ಮನೆಗೆ ಕಳಿಸ್ಬಿಡ್ತಿದ್ನೇನೋ ಅಜ್ಜಿ," ಅಂದಳು.

ಮದ್ದಿಲ್ಲ ಎಂಬ ಮಾತು ಒಂದೇ ನನ್ನ ತಲೆಯಲ್ಲಿ ಕೂತಿತು. ಹಾವಿಗೆ ಮದ್ದಿದೆ, ನಾಯಿ ಕಚ್ಚಿದರೆ ಸೂಜಿಯಿದೆ. ನಮ್ಮ ಬದುವಿನ ಗಿಡದ ಬೀಜಕ್ಕೆ ಇಲ್ಲ. ವರ್ಷವಿಡೀ ಕೈಯಾಡಿಸುವ ಬೀಜ. ನೆತ್ತಿಗೆ ಹಚ್ಚಿದ್ದು, ದೀಪಕ್ಕೆ ಹಾಕಿದ್ದು, ಎತ್ತಿನ ಗಾಡಿಯ ಅಚ್ಚಿಗೆ ಬಳಿದಿದ್ದು ಅದರ ಎಣ್ಣೆಯೇ. ಅದು ಮಗುವಿನ ಹೊಟ್ಟೆಯೊಳಗೆ ಈಗ ಏನು ಮಾಡುತ್ತಿದೆಯೋ ಎಂದು ಯೋಚಿಸುತ್ತಾ ಗ್ಲೂಕೋಸ್ ಬಾಟಲಿಯ ಹನಿ ನೋಡುತ್ತಾ ಕೂತೆ. ಹನಿ ನಿಧಾನವಾದರೆ ನರ್ಸಮ್ಮನನ್ನು ಕೂಗುತ್ತಿದ್ದೆ. ಅವಳಿಗೆ ಸಾಕಾಗಿ, "ಅಜ್ಜಿ, ನೀವ್ ನೋಡ್ದೇ ಇದ್ರೂ ಅದು ಬೀಳುತ್ತೆ," ಅಂದಳು. ಆದರೂ ನೋಡಿದೆ.

ಮಗಳು ಬಂದಾಗ ಹೊತ್ತು ಇಳಿದಿತ್ತು. ಕೆಲಸದ ಹೊತ್ತಿನಲ್ಲಿ ಫೋನು ಹೊರಗೆ ಇಡಬೇಕು ಅವಳು, ವಿಷಯ ತಿಳಿದಾಗಲೇ ತಡವಾಗಿತ್ತು. ಅಳಿಯನೂ ಜೊತೆಗಿದ್ದ, ತಲೆಯ ಮೇಲೆಲ್ಲ ಮಗ್ಗದ ಧೂಳು. ಮಗಳು ಮಂಚದ ಹತ್ತಿರ ಹೋಗಿ ಮಗುವಿನ ಹಣೆ ಮುಟ್ಟಿದಳು, ಅಂಗಾಲು ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಾರ ಹತ್ರ ಬಿಟ್ಟಿದ್ದೆ?"

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳಿದೆ. ಅವಳು ಗೋಡೆಯ ಬದಿಯಲ್ಲಿ ನೆಲದ ಮೇಲೆ ಕೂತಿದ್ದ ಚಿಕ್ಕಮ್ಮನ ಎದುರು ಹೋಗಿ ನಿಂತಳು. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇವತ್ತು ಬಿಡ್ಬೇಡಕ್ಕ ಅಂತ ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲ ಚಿಕ್ಕಮ್ಮ. ಯಾಕೆ ಅಂತ ಹೇಳೋದೂ ಬೇಕಿರ್ಲಿಲ್ಲ."

ಓರಗಿತ್ತಿ ಬಾಯಿ ಬಿಡಲಿಲ್ಲ. ಬಿಡುವಂತಿರಲಿಲ್ಲ, ಗಡಿಗೆ ಇನ್ನೂ ಒಲೆಯ ಮೇಲಿತ್ತು. ಅಳಿಯ ಹೆಂಡತಿಯ ಭುಜ ಹಿಡಿದು ಈಚೆ ಕರೆದುಕೊಂಡು ಬಂದ.

ದೀಪ ಹಾಕುವ ಹೊತ್ತಿಗೆ ನನ್ನ ಫೋನಿಗೆ ಓರಗಿತ್ತಿಯ ಮಗಳು ಕರೆ ಮಾಡಿದಳು. ಬಸುರಿಗೆ ಗಾಬರಿ ಮಾಡಬಾರದೆಂದು ನಾವ್ಯಾರೂ ಏನೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಕೇಳಿಸಿಕೊಂಡು ಊರಿಗೆ ಹೋದ ಆಟೋದವನು ಹೇಳಿದ್ದ. ಅಮ್ಮನಿಗೆ ಕೊಡಿ ದೊಡ್ಡಮ್ಮ, ಅಂದಳು. ಕೊಟ್ಟೆ. ಆ ಫೋನಿನ ದನಿ ಜೋರು, ಎಲ್ಲ ಕೇಳಿಸುತ್ತಿತ್ತು.

"ಅಮ್ಮ, ಮಗು ಹೆಂಗೈತೆ?"

ಇವಳು ಹೂಂ ಎಂದಳು ಅಷ್ಟೆ.

"ಹೂಂ ಅಂದ್ರೆ? ನೀನ್ ಅಲ್ಲೂ ಬಾಯಿ ಮುಚ್ಕೊಂಡಿದ್ದೀಯಂತೆ. ಒಂದ್ ಮಾತು ಕೇಳು. ಗಡಿಗೇಲಿ ಇದ್ದದ್ದನ್ನ ತಿಪ್ಪೆಗೆ ಸುರಿಸ್ದೆ. ಮೊರದ್ದು, ಒರಳಿಂದು, ಎಲ್ಲ ಸುರಿಸಿ ಗುಂಡಿ ಮುಚ್ಚಿಸ್ದೆ. ಆ ಮಗು ಹೋದ್ರೆ ಆ ಎಣ್ಣೇನ ನನ್ ಕೂಸಿನ ಮೈಗೆ ಹಚ್ತೀಯಾ ನೀನು? ಈಗ ಮಾತಾಡು."

ಓರಗಿತ್ತಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆಗೆದಳು.

"ಮೊರ ಎತ್ಕೊಂಡು ಒಳಗೆ ಇಡೋಣ ಅಂತ ಬರೋವಾಗ್ಲೇ ಬಾಯಲ್ಲಿತ್ತು ಕಣಕ್ಕ. ಬೆರಳು ಹಾಕಿ ತೆಗೆದೆ. ಎಲ್ಲಾ ಬಂತು ಅಂದ್ಕೊಂಡೆ. ಬಾಯಿ ತೊಳೆದೆ. ನಗ್ತಿತ್ತು ಮಗು. ನಗ್ತಿತ್ತಲ್ಲ, ಏನಾಗಲ್ಲ ಅಂದ್ಕೊಂಡು ಬಾಗ್ಲು ಹಾಕ್ಕೊಂಡೆ."

ನಾನು ಫೋನು ವಾಪಸ್ಸು ತೆಗೆದುಕೊಂಡೆ. ಒಂದು ಕಡೆ ಅವಳ ಕತ್ತು ಹಿಚುಕುವಷ್ಟು ಸಿಟ್ಟು. ಇನ್ನೊಂದು ಕಡೆ, ಎಣ್ಣೆ ಮಣ್ಣುಪಾಲಾಯಿತಲ್ಲ, ಹೆಸರೆತ್ತಿದವಳು ನಾನೇ ಅಲ್ಲವೆ, ಆ ಹುಡುಗಿಗೆ ಏನಾದರೂ ಆದರೆ ಎಂಬ ಭಯ. ಇಂಥದ್ದನ್ನೆಲ್ಲ ನಾನು ಅಷ್ಟಾಗಿ ನಂಬುವವಳಲ್ಲ. ಆದರೂ ಭಯವಾಯಿತು. ಒಂದು ಮಗುವಿಗೆ ಹೆದರುತ್ತಿದ್ದವಳು ಎರಡು ಮಕ್ಕಳಿಗೆ ಹೆದರಿದೆ.

ಆ ರಾತ್ರಿಯ ಬಗ್ಗೆ ಹೇಳುವುದಿಲ್ಲ. ಕಳೆಯಿತು.

ಮಗು ಉಳಿಯಿತು. ಈಗ ಶಾಲೆಗೆ ಹೋಗುತ್ತಾಳೆ, ನನಗೇ ಎದುರು ಮಾತಾಡುತ್ತಾಳೆ. ಓರಗಿತ್ತಿಯ ಮಗಳಿಗೆ ಗಂಡು ಮಗುವಾಯಿತು. ಬಾಣಂತನಕ್ಕೆ ಮೆಡಿಕಲ್ ಸ್ಟೋರಿನಿಂದ ಪುಟ್ಟ ಪುಟ್ಟ ಬಾಟಲಿಯ ಹರಳೆಣ್ಣೆ ತಂದು ತಟ್ಟಿದೆವು. ಅಂಗಡಿಯಲ್ಲಿ ಅದರ ಹೆಸರು ಹೇಳಿಯೇ ಕೇಳಬೇಕು. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಕಾಯಿಸಿಲ್ಲ. ಬದುವಿಗೆ ಹರಳು ಈಗಲೂ ಹಾಕುತ್ತೇವೆ. ಊರಿಗೆ ಬರುವ ವ್ಯಾಪಾರಿ ಕೊಟ್ಟಷ್ಟಕ್ಕೆ ಅಳೆದುಕೊಂಡು ಹೋಗುತ್ತಾನೆ. ಅದು ಎಲ್ಲೋ ದೂರ ಹೋಗಿ ಎಣ್ಣೆಯಾಗಿ, ಬಾಟಲಿಯಾಗಿ ದೊಡ್ಡಬಳ್ಳಾಪುರಕ್ಕೇ ವಾಪಸ್ಸು ಬರುತ್ತದೆ. ಬೆಳೆಯುವ ನೆಲ ನಮ್ಮ ಹತ್ತಿರ ಇದೆ, ಹಚ್ಚಿಕೊಳ್ಳುವ ಮೈಯೂ ಇದೆ. ಹಿಂಡುವ ಜಾಗ ಒಂದು ನಮ್ಮ ಸುತ್ತ ಇಲ್ಲ. ಇದ್ದಿದ್ದರೆ ಆ ಮೊರ ಆ ದಿನ ಆ ಕಲ್ಲಿನ ಮೇಲೆ ಇರುತ್ತಿರಲಿಲ್ಲ.

ಇದೆಲ್ಲ ಆಮೇಲಿನದು. ಅವತ್ತಿನ ಮರುದಿನ ಬೆಳಿಗ್ಗೆ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಡಾಕ್ಟರಮ್ಮ ಬೆಳಗಾಗುತ್ತಲೇ ಬಂದು ಮಗುವನ್ನು ನೋಡಿ, ಇನ್ನೂ ಹೇಳೋಕಾಗಲ್ಲ, ಎಂದಳು. ನರ್ಸಮ್ಮ ಒಂದು ಪ್ಲಾಸ್ಟಿಕ್ ಟಬ್ಬು ಕೊಟ್ಟು, "ಇದರಲ್ಲೇ ಕೂರ್ಸಿ, ಬೀಜ ಬಿತ್ತಾ ನೋಡಿ," ಎಂದಿದ್ದಳು. ಮಗಳು ನೋಡಲು ಹೋಗಿ ಬಾಯಿಗೆ ಕೈ ಇಟ್ಟುಕೊಂಡು ಈಚೆ ಬಂದಳು. ನಾನು ಟಬ್ಬನ್ನು ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ಬೆಳಕಿಗೆ ತೆಗೆದುಕೊಂಡು ಹೋಗಿ, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಪೊರಕೆ ಕಡ್ಡಿಯಿಂದ ಕೆದಕಿದೆ. ಓರಗಿತ್ತಿ ಚೊಂಬಿನಲ್ಲಿ ನೀರು ಬಿಟ್ಟಳು.

ಒಂದು ಸಿಕ್ಕಿತು. ತೊಳೆದು ಸೆರಗಿಗೆ ಒರೆಸಿ ನೋಡಿದೆ. ಚುಕ್ಕಿ ಚುಕ್ಕಿ ಸಿಪ್ಪೆ, ಎಲ್ಲೂ ಬಿರಿದಿರಲಿಲ್ಲ. ಇನ್ನೊಂದು ಸಿಕ್ಕಿತು, ಅದೂ ಹಾಗೇ. ಮೂರನೆಯದೂ ಸಿಕ್ಕಿತು. ಮೂರನ್ನೂ ಕಾಗದದ ಮೇಲೆ ಇಟ್ಟುಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಅವಳು ಒಂದೊಂದನ್ನೇ ತಿರುಗಿಸಿ ನೋಡಿ, "ಮೂರೂ ಪೂರ್ತಿ ಇವೆ. ಒಳ್ಳೇದಾಯ್ತು. ಇನ್ನೊಂದು?" ಎಂದಳು.

"ನೋಡ್ತೀನಿ," ಅಂದೆ.

ಹಿಂದಿನ ನಲ್ಲಿಗೆ ಹೋಗಿ ಟಬ್ಬು ತೊಳೆದೆ, ಕೈ ತೊಳೆದೆ. ಓರಗಿತ್ತಿ ಟೀ ತಂದಿದ್ದಳು, ಕುಡಿದೆ. ಟಬ್ಬನ್ನು ಮಂಚದ ಕೆಳಗೆ ಇಟ್ಟು, ಕಡ್ಡಿಯನ್ನು ಅದರ ಪಕ್ಕ ಇಟ್ಟು, ನಾಲ್ಕನೆಯದಕ್ಕೆ ಕಾಯುತ್ತಾ ಮಗುವಿನ ಕಾಲ ಬಳಿ ಕೂತೆ.